ಪೂಜೆಯಿಲ್ಲದ ಮನೆಯ ಪ್ರಸಾದ

ಹೋದ ತಿಂಗಳು ಕುಂದಾಪುರದ ದಿನಸಿ ಅಂಗಡಿಯೊಂದರಲ್ಲಿ ಸಾಸಿವೆ ಕಟ್ಟಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಜುಮ್ಮನಕಾಯಿ ಕೇಳಿದರು. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದ. ಕಿತ್ತಳೆ ಸಿಪ್ಪೆಯದ್ದೂ ಅಲ್ಲದ, ಕಾಳುಮೆಣಸಿನದ್ದೂ ಅಲ್ಲದ ಒಂದು ವಾಸನೆ... ಬಂಗುಡೆ ಸಾರಿಗೆ ಹಾಕುವ ಕಾಯಿ ಅದು. ಸಾಲಿಗ್ರಾಮದ ಕಡೆಯ ನಮ್ಮ ಮನೆಯಲ್ಲಿ ಮೀನು ಒಳಗೆ ಬಂದದ್ದಿಲ್ಲ. ಆ ವಾಸನೆ ನನಗೆ ಗೊತ್ತಿರುವುದು ಒಂದೇ ಮನೆಯಿಂದ. ಸಾಸಿವೆ ತೆಗೆದುಕೊಂಡು ಹೊರಗೆ ಬಂದವನು ಬಸ್ಸು ಬಂದರೂ ಹತ್ತದೆ ಸ್ವಲ್ಪ ಹೊತ್ತು ಕೂತೆ.

ಆ ಮನೆ ಇದ್ದದ್ದು ತ್ರಾಸಿಯಲ್ಲಿ, ಹೆದ್ದಾರಿಗೆ ತಾಗಿ. ಅದರಲ್ಲಿ ಬಾಡಿಗೆಗಿದ್ದವರನ್ನು ನಾವೆಲ್ಲ ಬೊಂಬಾಯಿ ಮಾಮ ಎನ್ನುತ್ತಿದ್ದೆವು. ಮುಂಬಯಿಯ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡಿಕೊಂಡಿದ್ದು, ತೊಂಬತ್ತರ ದಶಕದ ಕೊನೆಗೆ ಊರಿಗೆ ಮರಳಿದವರು. ಮದುವೆಯಾಗಿರಲಿಲ್ಲ. ಮದುವೆ ಮುಂಜಿಗಳಿಗೆ ಅಡುಗೆಗೆ ಹೋಗಿ ಜೀವನ ಸಾಗಿಸುತ್ತಿದ್ದರು.

ಆ ಕಾಲದಲ್ಲಿ ನಮ್ಮಂಥವರಿಗೆ, ಅಂದರೆ ಗಂಡಸರ ಮೇಲೆ ಮನಸ್ಸಾಗುವ ಗಂಡಸರಿಗೆ, ಈ ಕಡೆ ಕೂರುವ ಜಾಗವಿರಲಿಲ್ಲ. ನಿಲ್ಲುವ ಜಾಗಗಳಿದ್ದವು. ಕೋಡಿಯ ಕಡಲ ದಂಡೆ, ಬಸ್ ನಿಲ್ದಾಣದ ಹಿಂಬದಿ, ತ್ರಾಸಿಯಲ್ಲಿ ಹೆದ್ದಾರಿಯ ಕೆಳಗಿನ ಕಲ್ಲುಗಳು. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕೋಡಿಯಲ್ಲಿ ಒಬ್ಬ ನನ್ನ ವಾಚು ಬಿಚ್ಚಿಸಿಕೊಂಡು, ಮನೆಗೆ ಹೇಳುತ್ತೇನೆ ಎಂದು ಹೆದರಿಸಿ ಕಳಿಸಿದ್ದ. ನಾನು ಬ್ರಹ್ಮಾವರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಆಮೇಲೆ ಎಷ್ಟೋ ದಿನ ಕೌಂಟರಿಗೆ ಯಾರು ಬಂದರೂ ಮೊದಲು ಅವರ ಕೈಯ ವಾಚನ್ನೇ ನೋಡುತ್ತಿದ್ದೆ.

ಮಾಮನನ್ನು ಮೊದಲು ಕಂಡದ್ದು ತ್ರಾಸಿಯ ಕಲ್ಲುಗಳ ಬಳಿ, ಒಂದು ಸಂಜೆ. ಬಿಳಿ ಪಂಚೆ, ಕೈಯಲ್ಲಿ ಬಸಳೆ ಸೊಪ್ಪಿನ ಕಟ್ಟು.

“ಹ್ವಾಯ್, ಆಗ್ಳಿಂದ ನಿಂತ್ಕಂಡೇ ಇದ್ರಿ. ಕಾಲ್ ನೋವಾತಿಲ್ಯಾ?” ಎಂದರು.

ಬಸ್ಸಿಗೆ ಕಾಯುತ್ತಿದ್ದೇನೆ ಎಂದೆ.

“ಬಸ್ ಬಪ್ಪುದ್ ರಸ್ತಿ ಮೇಲೆ. ಸಮುದ್ರದಗೆ ಅಲ್ಲ.” ಅವರು ನಗಲಿಲ್ಲ. “ಆಯ್ತವಾರ ಮನಿಗೆ ಊಟಕ್ಕ್ ಬನ್ನಿ. ನಮ್ಮೋರೇ ನಾಕ್ ಜನ ಬತ್ರ್.”

‘ನಮ್ಮೋರೇ’ ಎಂದದ್ದು ಯಾರನ್ನೆಂದು ನನಗೆ ತಿಳಿಯಿತು. ಆ ಭಾನುವಾರ ಮನೆಯ ಮುಂದೆ ಎರಡು ಸಲ ಹಾದು ಹೋಗಿ, ಮೂರನೆಯ ಸಲ ಒಳಗೆ ಹೋದೆ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಊಟ. ನೆಲದ ಮೇಲೆ ಚಾಪೆ, ಬಾಳೆಎಲೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ನನಗೆಂದು ಬೇರೆ ಪಾತ್ರೆಯಲ್ಲಿ ತೊವ್ವೆ. ಬರುವವರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕೊಲ್ಲೂರಿನ ಲಾಡ್ಜೊಂದರ ರೂಮ್‌ಬಾಯ್ ಇದ್ದ, ನಾಲಗೆ ಬಲು ಚುರುಕು. ಬೈಂದೂರಿನ ಕಡೆಯ ಪ್ರೈಮರಿ ಶಾಲೆಯ ಮಾಷ್ಟ್ರೊಬ್ಬರಿದ್ದರು. ಕೋಡಿಯ ಒಬ್ಬನಿದ್ದ, ನನ್ನ ವಾಚು ಬಿಚ್ಚಿಸಿಕೊಂಡವನಲ್ಲ, ಮೀನಿನ ಬೋಟಿಗೆ ಹೋಗುವವನು, ಇಪ್ಪತ್ತೆಂಟರ ಆಸುಪಾಸಿನವನು. ಅವನೂ ಮಾಷ್ಟ್ರೂ ಪಕ್ಕಪಕ್ಕವೇ ಕೂರುತ್ತಿದ್ದರು. ಅವನು ಮೀನಿನ ಮುಳ್ಳು ಬಿಡಿಸಿ ಮಾಷ್ಟ್ರ ಎಲೆಗೆ ಹಾಕುತ್ತಿದ್ದ. ಮಾಷ್ಟ್ರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

“ಮಾಷ್ಟ್ರೇ, ಹೊಸ ಸೊಸಿ ಹಂಗೆ ನಾಚ್ಕಂಬುದ್ ಬೇಡ. ಉಣ್ಣಿ, ಇನ್ನೂ ಮುಳ್ಳ್ ತೆಗೂಕೆ ಜನ ಇದ್ರ್” ಎಂದು ಕೊಲ್ಲೂರಿನವನು ಕೆಣಕುತ್ತಿದ್ದ.

ಅಷ್ಟೇ ಅಲ್ಲಿ ನಡೆಯುತ್ತಿದ್ದದ್ದು. ಊಟ, ಟೇಪ್‌ರೆಕಾರ್ಡರಿನಲ್ಲಿ ಹಾಡು, ಮಧ್ಯಾಹ್ನದ ನಿದ್ದೆ, ಚಹಾ. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು. ಬಾಗಿಲು ಮುಚ್ಚಿದರೆ ಜನ ಕೇಳುತ್ತಾರೆ, ತೆರೆದಿದ್ದರೆ ಕೇಳುವುದಿಲ್ಲ ಎಂಬುದು ಮಾಮನ ಲೆಕ್ಕಾಚಾರ.

ಮನೆಯಲ್ಲಿ ಏನು ಹೇಳಿ ಬರುವುದು ಎಂಬುದೊಂದು ಕಷ್ಟವಿತ್ತು. ನಾನು ಸಂಘದ ಕೆಲಸ ಎನ್ನುತ್ತಿದ್ದೆ. ಕೋಡಿಯವನು ಭಾನುವಾರ ಬೋಟಿಗೆ ಹೋಗದೆ ಶರಟು ಹಾಕಿಕೊಂಡು ಹೊರಡುವುದಕ್ಕೆ ತಾಯಿಗೆ ಕಾರಣ ಹೇಳಲೇಬೇಕಿತ್ತು. ತ್ರಾಸಿಯಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂದುಬಿಟ್ಟ. ಸಂಜೆ ಬರಿಗೈಯಲ್ಲಿ ಹೋದಾಗ ಆಕೆ, ಪ್ರಸಾದ ಎಲ್ಲಿ ಎಂದು ಕೇಳಿದಳಂತೆ.

ಮರುತಿಂಗಳು ಅವನು ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಮಾಮ ನಗಲಿಲ್ಲ. ಅದರ ಮುಂದಿನ ಸಲದಿಂದ ಅವರು ಬೆಳಿಗ್ಗೆ ಎದ್ದು ಮಿಂದು, ಮೀನು ಮನೆಗೆ ಬರುವ ಮೊದಲೇ ಸಪಾದ ಭಕ್ಷ್ಯ ಮಾಡತೊಡಗಿದರು. ಪೂಜೆಯ ಮನೆಗಳಲ್ಲಿ ಮಾಡುವ ಹಾಗೆಯೇ ರವೆ, ತುಪ್ಪ, ಹಾಲು, ಸಕ್ಕರೆ, ಬಾಳೆಹಣ್ಣು, ಎಲ್ಲವೂ ಅಳತೆಯಲ್ಲಿ. ದೇವರ ಪಟದ ಎದುರು ಇಟ್ಟು, ದೀಪ ಹಚ್ಚಿ, ಆಮೇಲೆ ಬಾಳೆಎಲೆಯ ತುಂಡುಗಳಲ್ಲಿ ಕಟ್ಟಿಡುತ್ತಿದ್ದರು. ಸಂಜೆ ಬೇಕಾದವರು ಒಂದೊಂದು ಒಯ್ಯಬಹುದು.

“ಸುಳ್ಳಿಗೆ ಇಷ್ಟೆಲ್ಲ ಮಡಿ ಎಂತಕ್ಕೆ ಮಾಮ?” ಎಂದು ಕೊಲ್ಲೂರಿನವನು ಕೇಳಿದ.

“ಪೂಜಿ ಸುಳ್ಳ್. ಪ್ರಸಾದ ಸುಳ್ಳಾಪುಕಾಗ. ಅವ್ನ ಅಬ್ಬಿ ಕಣ್ಣಿಗ್ ಒತ್ಕಂಡ್ ತಿಂಬುದಲ್ದಾ?” ಎಂದರು ಮಾಮ, ಕೋಡಿಯವನ ತಾಯಿಯನ್ನು ನೆನೆದು.

ಎಡವಟ್ಟಾದದ್ದು ಅಲ್ಲೇ. ಪ್ರಸಾದ ಬಹಳ ಚೆನ್ನಾಗಿತ್ತು. ಆ ತಾಯಿ ಮೀನು ಮಾರುವಾಕೆ. ತಿಂಗಳು ತಿಂಗಳೂ ಪೂಜೆ ಮಾಡಿಸುವ ಪುಣ್ಯಾತ್ಮರು ಯಾರಪ್ಪ ಎಂದು ಅಕ್ಕಪಕ್ಕದ ಮನೆಗಳಿಗೂ ಹಂಚಿದಳು. ಜ್ವರದಲ್ಲಿ ಮಲಗಿದ್ದ ಪಕ್ಕದ ಮನೆಯ ಮಗುವಿನ ಬಾಯಿಗೂ ಚೂರು ಇಟ್ಟಳು. ಮಗು ಮರುದಿನ ಎದ್ದು ಕೂತಿತು. ಆಕೆ ಅಲ್ಲಿಯೇ ಹರಕೆ ಹೊತ್ತಳು. ಮಗನಿಗೆ ಹೆಣ್ಣು ಕೂಡಿಬಂದರೆ ತ್ರಾಸಿಯ ಆ ಮನೆಯ ಪೂಜೆಗೆ ಹಣ್ಣುಕಾಯಿ ತನ್ನದು ಎಂದು. ಹೆಣ್ಣು ಇನ್ನೂ ಕೂಡಿಬಂದಿರಲಿಲ್ಲ. ಹರಕೆಯನ್ನು ಮೊದಲೇ ಸಲ್ಲಿಸಿದರೆ ಬೇಗ ಆದೀತೆಂದು, ಮಗನಿಗೆ ಹೇಳದೆ, ಒಂದು ಭಾನುವಾರ ಬಸ್ಸು ಹತ್ತಿದಳು. ಹೆದ್ದಾರಿಗೆ ತಾಗಿದ ಮನೆ ಎಂದು ಅವನೇ ಒಮ್ಮೆ ಹೇಳಿದ್ದನಂತೆ.

ನಾನು ಜಗಲಿಯಲ್ಲಿದ್ದೆ. ಆದ್ದರಿಂದ ಮೊದಲು ಕಂಡವನು ನಾನು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಾಳೆಗೊನೆ, ತೆಂಗಿನಕಾಯಿ, ಅಬ್ಬಲಿಗೆ ಹೂವು.

“ಹ್ವಾಯ್, ಪೂಜಿ ಆಯ್ತಾ?” ಎಂದು ಅಂಗಳದಿಂದಲೇ ಕೇಳಿದಳು. ನಾನು ಎದ್ದು ನಿಂತೆ. ಆಕೆ ಮೆಟ್ಟಿಲ ಹತ್ತಿರ ಬಂದು ತೆರೆದ ಬಾಗಿಲಿನಿಂದ ಒಳಗೆ ನೋಡಿದಳು.

ಊಟ ಆಗಿತ್ತು. ಕೆಲವರು ಮಲಗಿದ್ದರು. ಬಾಗಿಲಿಗೆ ನೇರವಾಗಿ, ಕೋಡಿಯವನು ಮಾಷ್ಟ್ರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಮಾಷ್ಟ್ರ ಕೈ ಅವನ ಕೂದಲಲ್ಲಿತ್ತು. ಅವರೂ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಆಕೆ ಎಷ್ಟು ಹೊತ್ತು ನೋಡಿದಳೆಂದು ಹೇಳಲಾರೆ. ಬುಟ್ಟಿ ಇಳಿಸಲಿಲ್ಲ.

ಮಾಮ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಆಕೆ ಯಾರೆಂದು ಯಾರೂ ಹೇಳಬೇಕಾಗಲಿಲ್ಲ, ಮುಖ ಮಗನದ್ದೇ. “ಕೂಕಣಿ ಅಕ್ಕಾ” ಎಂದು ಬುಟ್ಟಿಗೆ ಕೈಕೊಟ್ಟು ಇಳಿಸಿ ಜಗಲಿಯಲ್ಲಿ ಚಾಪೆ ಹಾಸಿದರು. ಆಕೆ ಕೂತಳು. ಮೂಗು ಅರಳಿಸಿದಳು.

“ಬಂಗ್ಡಿ ಸಾರ್.”

“ಹೌದ್.”

“ಜುಮ್ಮನಕಾಯಿ ಹಾಕಿದ್ರಿ.”

“ಹಾಕಿದೆ ಅಕ್ಕಾ.”

“ಪೂಜಿ ಮನಿಯಗೆ?”

ಏನಾದರೂ ಹೇಳಿ ದಾಟಿಸುತ್ತಾರೆ ಎಂದುಕೊಂಡೆ. ಮಾಮ ಆಕೆಯ ಎದುರು ನೆಲದ ಮೇಲೆ ಕೂತರು.

“ಪೂಜಿ ಇಲ್ಲೆ ಅಕ್ಕಾ. ಯಾವತ್ತೂ ಇರ್ಲಿಲ್ಲೆ. ಪ್ರಸಾದ ಮಾತ್ರ ಮಿಂದ್ ಮಾಡಿ ದೇವ್ರೆದ್ರ್ ಇಟ್ಟೇ ಕೊಟ್ಟದ್. ಅದ್ರಂಗೆ ಮೋಸ ಇಲ್ಲೆ.”

“ಹಂಗಾರೆ ಇಲ್ಲಿ ಎಂತ ಮಾಡುದ್?”

“ಉಂಬುದ್.” ಎಂದರು ಮಾಮ. “ನಾ ಹೆಣ್ಣ್ ಬೇಡ ಅಂಬ ಜನ ಅಕ್ಕಾ. ಹುಟ್ಟಿದ್ದೇ ಹಂಗೆ. ಒಬ್ಬನೇ ಉಂಡ್ ಉಂಡ್ ಬೇಜಾರಾಯ್ತ್. ಅದಕ್ಕ್ ಜನ ಕರೂದ್.”

ಅವರು ಮಾತನ್ನು ಪೂರ್ತಿ ತಮ್ಮ ಮೇಲೆಯೇ ಹಾಕಿಕೊಂಡಿದ್ದರು. ಒಳಗಿದ್ದ ಒಬ್ಬರನ್ನೂ ಅದರಲ್ಲಿ ಸೇರಿಸಿರಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ.

“ನನ್ ಮಾಣಿ?” ಎಂದಳು ಆಕೆ.

“ಅದ್ ಅವ್ನತ್ರವೇ ಕೇಣಿ ಅಕ್ಕಾ.”

ಆ ಹೊತ್ತಿಗೆ ಅವನು ಎದ್ದು ಬಾಗಿಲಲ್ಲಿ ನಿಂತಿದ್ದ. ತಾಯಿ ಅವನನ್ನು ನೋಡಿದಳು. ಅವನ ಹಿಂದೆ ನಿಂತಿದ್ದ ಮಾಷ್ಟ್ರನ್ನೂ ನೋಡಿದಳು. ಕೇಳಲಿಲ್ಲ. ಎದ್ದು ಸೀರೆ ಸರಿಮಾಡಿಕೊಂಡಳು.

“ಹಣ್ಣ್‌ಕಾಯಿ ದೇವ್ರಿಗಂತ ತಂದದ್. ವಾಪಾಸ್ ಒಯ್ಯುದಿಲ್ಲೆ. ಎಲ್ಲರಿಗೂ ಮಾಡಿ ಹಾಕಿ” ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. “ಬಂಗ್ಡಿ ನಿನ್ನಿದ್, ತಾಜಾ ಅಲ್ಲ. ಯಾರ್ ಕೊಟ್ಟದ್ ನಿಮ್ಗೆ?”

ತಾಯಿ ಮಗ ಇಬ್ಬರೂ ಬಸ್ಸಿಗೆ ಹೋದರು. ಅವನು ಖಾಲಿ ಬುಟ್ಟಿ ಹಿಡಿದುಕೊಂಡಿದ್ದ.

ಮೀನು ಮಾರುವಾಕೆ ದಿನಕ್ಕೆ ಎಷ್ಟು ಮನೆಯ ಅಂಗಳಕ್ಕೆ ಹೋಗುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಆಕೆ ಒಂದು ಮಾತು ಆಡಿದರೆ ಆ ಮನೆ ಇಲ್ಲ. ಮಾಮ ಊರು ಬಿಡಬೇಕು, ಮಾಷ್ಟ್ರ ಕೆಲಸ ಹೋಗಬಹುದು, ನಾನು... ನನ್ನ ತಂದೆ ದೇವಸ್ಥಾನದ ಚಾಕರಿಯಲ್ಲಿದ್ದವರು. ಆ ತಿಂಗಳು ಸಂಘದಲ್ಲಿ ಫೋನು ಬಡಿದುಕೊಂಡಾಗಲೆಲ್ಲ ಬೇರೆಯವರು ಎತ್ತಲಿ ಎಂದು ಕಾಯುತ್ತಿದ್ದೆ. ಏನೂ ಆಗಲಿಲ್ಲ. ಮುಂದಿನ ಊಟಕ್ಕೆ ಹೆಚ್ಚಿನವರು ಬರಲಿಲ್ಲ. ನಾನು ಹೋದೆ, ಮಾಷ್ಟ್ರು ಬಂದಿದ್ದರು. ಎಲೆಗಳು ದೂರ ದೂರ ಇದ್ದವು.

ಅಂದು ಬೆಳಿಗ್ಗೆ ಆಕೆ ಬಂದು ಹೋಗಿದ್ದಳೆಂದು ಮಾಮ ಹೇಳಿದರು. ಒಂದು ಕಟ್ಟು ತಾಜಾ ಬಂಗುಡೆ ಜಗಲಿಯಲ್ಲಿಟ್ಟು, ಮಗನಿಗೆ ಹೆಣ್ಣು ಗೊತ್ತಾಗಿದೆ ಎಂದಳಂತೆ. “ಅವ ಇನ್ನ್ ಇಲ್ಲಿಗ್ ಬಪ್ಪುಕಾಗ. ನೀವೂ ಕರೂಕಾಗ. ನಾ ಯಾರತ್ರೂ ಎಂತದೂ ಹೇಳುದಿಲ್ಲೆ.” ಮಾಮ ಆಯ್ತು ಎಂದಿದ್ದರು.

ಮಾಷ್ಟ್ರು ಅದನ್ನು ಕೇಳಿಸಿಕೊಂಡರು. ಅನ್ನ ಕಲಸಿದರು. ಮುಳ್ಳು ಬಿಡಿಸುವುದು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ವರ್ಷದ ಕೊನೆಗೆ ಬಯಲುಸೀಮೆಯ ಕಡೆಗೆ ವರ್ಗ ಕೇಳಿ ಪಡೆದು ಹೋದರು. ಆಮೇಲೆ ಅವರ ಸುದ್ದಿಯಿಲ್ಲ.

ಮಾಮ ಕೊಟ್ಟ ಮಾತನ್ನು ಉಳಿಸಿಕೊಂಡರು. ಕುಂದಾಪುರದ ಪೇಟೆಯಲ್ಲಿ ಕೋಡಿಯವನು ಎದುರಾದರೆ, “ಹುಷಾರಿದ್ಯಾ?” ಎಂದು ಕೇಳಿ ಮುಂದೆ ನಡೆದುಬಿಡುತ್ತಿದ್ದರು. ನಾನು ಜೊತೆಯಲ್ಲಿದ್ದಾಗಲೇ ಒಮ್ಮೆ ಹಾಗಾಯಿತು. ಅವನು ರಸ್ತೆಯಲ್ಲೇ ನಿಂತಿದ್ದ. ಮಾಮ ತಿರುಗಿ ನೋಡಲಿಲ್ಲ.

ಊಟ ಬಹಳ ವರ್ಷ ನಡೆಯಿತು. ಆಮೇಲೆ ಸೈಬರ್ ಕೆಫೆ ಬಂತು, ಮೊಬೈಲ್ ಬಂತು. ಹೊಸ ಹುಡುಗರಿಗೆ ಒಬ್ಬರನ್ನೊಬ್ಬರು ಹುಡುಕಲು ಕಲ್ಲುಗಳ ಬಳಿ ನಿಲ್ಲಬೇಕಾಗಿರಲಿಲ್ಲ, ಅನ್ನಕ್ಕೆ ಕೂರಬೇಕಾಗಿಯೂ ಇರಲಿಲ್ಲ. ಎರಡು ಸಾವಿರದ ಹತ್ತರ ಆಚೆಗೆ, ಕಡಲ ಬದಿಯ ರೆಸಾರ್ಟಿನ ಹಾಲ್ ಬಾಡಿಗೆಗೆ ಹಿಡಿದು ಕೆಲವರು ಪಾರ್ಟಿ ಮಾಡಿದರು. ಊರಿನ ಹಿರಿಯರು ಎಂದು ಮಾಮನನ್ನೂ ಕರೆದರು. ನಾನೇ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಶರಟಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಿವಿಯಲ್ಲಿ ಬೆಂಡೋಲೆಯಂಥದ್ದು ಹಾಕಿದ್ದ ಒಬ್ಬ ಹುಡುಗ ಪೇಪರ್ ತಟ್ಟೆಯಲ್ಲಿ ಕೇಕು ತಂದುಕೊಟ್ಟು, “ಡ್ಯಾನ್ಸ್ ಮಾಡಿ ಮಾಮ” ಎಂದ.

“ಇಷ್ಟ್ ಗಟ್ಟಿ ಪದ್ಯ ಹಾಕಿರೆ ಮಾತಾಡುದ್ ಹ್ಯಾಂಗೆ ಮಾಣಿ?” ಎಂದರು ಮಾಮ. ಹಿಂತಿರುಗುವಾಗ ರಿಕ್ಷಾದಲ್ಲಿ, “ಒಳ್ಳೆದಾಯ್ತ್. ಅವ್ರಿಗ್ ಹೆದ್ರಿಕಿ ಇಲ್ಲೆ” ಎಂದು ಒಂದೇ ಮಾತು ಹೇಳಿದರು.

ಅವರ ಕೊನೆಯ ಕಾಯಿಲೆಯಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ನಾನೂ ಕೊಲ್ಲೂರಿನವನೂ ಸರದಿಯಲ್ಲಿ ಕೂರುತ್ತಿದ್ದೆವು. ಒಂದು ಮಧ್ಯಾಹ್ನ ಕೋಡಿಯವನು ಬಂದ. ತಲೆ ನರೆತಿತ್ತು. ಬಾಗಿಲಲ್ಲೇ ನಿಂತ. ಮಾಮ ಅವನನ್ನು ಗುರುತು ಹಿಡಿದರು. ಮೊದಲು ಕೇಳಿದ್ದು, “ಅಬ್ಬಿಯತ್ರ ಹೇಳಿ ಬಂದ್ಯಾ?”

“ಅಬ್ಬಿಯೇ ಕಳ್ಸಿದ್. ‘ಮಾತ್ ಉಳ್ಸ್ಕಂಡ ಜನ, ಹೋಯಿ ಕಂಡ್ಕ ಬಾ’ ಅಂದ್ಳ್.”

ಮಾಮನಿಗೆ ಉಸಿರಿಗೆ ಕಷ್ಟವಾಗುತ್ತಿತ್ತು.

“ಹಂಗಾರೆ ಹತ್ರ ಕೂಕೋ” ಎಂದರು.

ಅವನು ಕೂತ. ನಾನು ಹೊರಗೆ ಬಂದೆ. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಮಾಮ ಹೋದರು. ಮುಂಬಯಿಯಿಂದ ತಂಗಿಯ ಮಗ ಬಂದು ಎಲ್ಲ ಕ್ರಮವಾಗಿ ಮಾಡಿದ, ಅವನಲ್ಲಿ ಕುಂದಿಲ್ಲ. ಉತ್ತರಕ್ರಿಯೆಯ ಊಟದ ದಿನ ಪಂಕ್ತಿಯ ಹತ್ತಿರ ನಿಂತಿದ್ದ ನನ್ನನ್ನು, “ಅವ್ರಿಗೆ ನೀವ್ ಎಂತ ಆಪುದ್?” ಎಂದು ಕೇಳಿದ. ಸಂಬಂಧ ಕೇಳಿ ಕೂರಿಸುವುದು ನಮ್ಮ ಕಡೆಯ ಪದ್ಧತಿ. ನಾನು ಪಕ್ಕದಲ್ಲಿದ್ದವನ ಮುಖ ನೋಡಿದೆ. ಕೊಲ್ಲೂರಿನವನು, ಎಲ್ಲದಕ್ಕೂ ಮಾತು ಇದ್ದವನು, ನೆಲ ನೋಡುತ್ತಿದ್ದ.

“ಪರಿಚಯದವರು” ಎಂದೆ. ನಮ್ಮನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು.

ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ಈಗ ಬಸ್ಸಿನಲ್ಲಿ ಹೋಗುವಾಗ ಜಗಲಿ ಎಲ್ಲಿತ್ತೆಂದು ಅಂದಾಜಿಗೆ ಸಿಗುವುದಿಲ್ಲ, ಬಸ್ಸು ಜೋರಾಗಿ ಹೋಗುತ್ತದೆ. ಕೊಲ್ಲೂರಿನವನು ಆಗಾಗ ಫೋನು ಮಾಡುತ್ತಾನೆ. ಕೋಡಿಯವನು ಒಮ್ಮೆ ಮಾಡಿದ್ದ, ಮಾಷ್ಟ್ರ ಊರು ಗೊತ್ತೇ ಎಂದು ಕೇಳಲು. ನನಗೆ ಗೊತ್ತಿರಲಿಲ್ಲ. ಒಂದು ದಿನ ಸೇರೋಣ ಎಂದು ಫೋನಿನಲ್ಲಿ ಪ್ರತಿ ಸಲವೂ ಹೇಳುತ್ತೇವೆ... ಮಾಮ ಹೋದ ಮೇಲೆ ನಾವು ಯಾರೂ ಒಟ್ಟಿಗೆ ಕೂತು ಉಂಡಿಲ್ಲ.