ದಡಿಯ ಹಾಳೆಗಳು ಬಸ್ಸು ಹತ್ತುವ ಮೊದಲು

ಸ್ಕ್ಯಾನ್ ಮಾಡಿದ ಪ್ರತಿ ಚಿತ್ರವನ್ನೂ ತೆರೆದು ನೋಡಿದ್ದೆ ಎಂದೇ ನನ್ನ ನೆನಪು. ಆ ನೆನಪಿನಲ್ಲಿ ಕಿಟಕಿಯ ತುಂಬ ಬಿಸಿಲಿದೆ. ಆದರೆ ನಾನು ಸ್ಕ್ಯಾನ್ ಮಾಡಿದ್ದು ಮೋಡ ಕವಿದ ವಾರದಲ್ಲಿ. ಹೀಗಾಗಿ ಅದನ್ನು ನಂಬಲಿಲ್ಲ.

ಬೆಟಗೇರಿಯಲ್ಲಿ ನಮ್ಮ ಓಣಿಯ ಮಗ್ಗಗಳು ನಿಲ್ಲುವ ಅಮಾವಾಸ್ಯೆ ನೋಡಿಕೊಂಡೇ ಲಕ್ಷ್ಮೇಶ್ವರದ ಕಾಕಾ ಬಂದಿದ್ದರು. ಅಪ್ಪನ ಹಳೆಯ ಗೆಳೆಯರು. ತಮ್ಮ ತಂದೆ ಬರೆದ ಸೀರೆ ದಡಿಯ, ಅಂದರೆ ಅಂಚಿನ ವಿನ್ಯಾಸದ, ಗ್ರಾಫ್ ಹಾಳೆಗಳನ್ನು ಸ್ಕ್ಯಾನ್ ಮಾಡಲು ನಮಗೆ ಕೊಟ್ಟಿದ್ದವರು, ಈಗ ಮರಳಿ ಒಯ್ಯಲು ಬಂದಿದ್ದರು. ಅವರ ಮನೆ ಪಾಲಾಗಿ ಹಾಳೆಗಳು ಮುಂಡರಗಿಯಲ್ಲಿರುವ ಅವರ ತಮ್ಮನಿಗೆ ಸೇರಿದ್ದವು. ಆತ ಯಾರಿಗೂ ತೋರಿಸುವವನಲ್ಲ. ಆ ದಡಿಗಳನ್ನು ಮತ್ತೆ ನೇಯಬೇಕೆಂಬ ಅಪ್ಪನ ಆಸೆಯೆಲ್ಲ ಇನ್ನು ನನ್ನ ಫೈಲುಗಳ ಮೇಲೆ. ಸ್ಕ್ಯಾನ್ ಮಾಡುವಾಗ ಕರೆಂಟು ಹಲವು ಸಲ ಹೋಗಿತ್ತು; ಕೆಲವು ಫೈಲು ಅರ್ಧಕ್ಕೇ ಕೆಟ್ಟಿರಬಹುದು.

“ಎಲ್ಲಾ ನೋಡೇನಿ ಅಂದಿದ್ದಿ?” ಎಂದರು ಅಪ್ಪ.

“ಅಂದಿದ್ದೆ. ಖರೆ ನೋಡೇನೋ ಇಲ್ಲೋ ಗೊತ್ತಿಲ್ಲ.”

“ಯುನಿವರ್ಸಿಟಿ ಮಟಾ ಓದಿಸಿದ್ದು ಇದಕ್ಕ ಏನಲೇ?”

ಕಾಕಾ ನಕ್ಕರು. “ನಾ ಸಂಜಿ ಬಸ್ಸಿಗೆ ಹೋಗಾಂವ. ನೋಡೂದಿದ್ರ ಜಲ್ದಿ ನೋಡ್ರಪಾ.”

ಉದ್ದದ ಹಾಳೆಗಳು ಸ್ಕ್ಯಾನರಿನಲ್ಲಿ ಹಿಡಿಸದ್ದರಿಂದ ಒಂದೊಂದನ್ನೂ ಹಲವು ಚಿತ್ರಗಳಾಗಿ ತುಂಡು ತುಂಡಾಗಿ ತೆಗೆದಿದ್ದೆ. ಕಣ್ಣಿಂದ ನೋಡಿ ಮುಗಿಯುವ ಮಾತಲ್ಲ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಬರೆಯುವ ಟರ್ಮಿನಲ್ ತೆರೆದು, ಪ್ರತಿ ಚಿತ್ರವನ್ನೂ ಕೊನೆಯವರೆಗೆ ಓದಿ, ಕೆಟ್ಟಿದ್ದರೆ ಅದರ ಹೆಸರು ತೋರಿಸುವ ಕಮಾಂಡ್ ಕೊಟ್ಟೆ. ಊಟ ಮುಗಿದರೂ ಅದು ಮೊದಲ ಹಾಳೆಯ ಚಿತ್ರಗಳಲ್ಲೇ ತೆವಳುತ್ತಿತ್ತು. ಪ್ರೊಸೆಸರಿನ ಎಂಟು ಕೋರುಗಳಲ್ಲಿ ದುಡಿಯುತ್ತಿದ್ದುದು ಒಂದೇ. ಉಳಿದವು ಅಮಾವಾಸ್ಯೆಯ ಮಗ್ಗಗಳಂತೆ ಸುಮ್ಮನಿದ್ದವು.

ಅದನ್ನು ನಿಲ್ಲಿಸಿ, ಫೈಲುಗಳ ಹೆಸರನ್ನೆಲ್ಲ ಎಕ್ಸ್‌ಆರ್ಗ್ಸ್ ಎಂಬ ಕಮಾಂಡಿಗೆ ದಾಟಿಸಿ, ಒಮ್ಮೆಗೇ ಎಂಟು ತಪಾಸಣೆ ನಡೆಸಲು ಹೇಳಿದೆ. ಒಂದು ಮುಗಿದ ಕೂಡಲೇ ಅದರ ಜಾಗಕ್ಕೆ ಮುಂದಿನದು. ಎಂಟೂ ಕೋರುಗಳು ಎದ್ದವು. ಲ್ಯಾಪ್‌ಟಾಪಿನ ಫ್ಯಾನು ಹುಯ್ಯೆಂದಿತು.

“ಹೊತ್ಕೊಂಡೀತಲೇ ಅದು!” ಅಪ್ಪ ಹಿಂದೆ ಸರಿದರು.

“ಹೊತ್ಕೊಳ್ಳಲಿ ಬಿಡೋ, ದಡಿ ಉಳದ್ರ ಸಾಕು,” ಎಂದು ಕಾಕಾ ಅಲ್ಲೇ ಅಡ್ಡಾದರು.

ಅವರು ಸಣ್ಣ ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರದೆಯಲ್ಲಿ ಕೆಲವು ಹೆಸರು ಮೂಡಿದ್ದವು. ನನಗೆ ಅದರ ಮೇಲೂ ಅನುಮಾನ: ಎಂಟು ಒಟ್ಟಿಗೆ ನುಗ್ಗಿದ್ದರಿಂದ ಮೆಮೊರಿ ಸಾಲದೆ ತಪ್ಪು ವರದಿ ಬಂತೇ? ಆ ಫೈಲುಗಳನ್ನಷ್ಟೇ ಮತ್ತೆ ಒಂದೊಂದಾಗಿ ತಪಾಸಣೆ ಮಾಡಿದೆ. ಅವೇ ಹೆಸರು. ತೆರೆದರೆ ಅರ್ಧ ಹೂವು, ಕೆಳಗೆಲ್ಲ ಬೂದು.

ಅಪ್ಪ ಹಾಳೆಗಳನ್ನು ಒತ್ತಿ ಹಿಡಿದರು, ನಾನು ಮತ್ತೆ ಸ್ಕ್ಯಾನ್ ಮಾಡಿದೆ. ಹೊಸ ಫೈಲುಗಳನ್ನೂ ತಪಾಸಣೆಗೆ ಬಿಟ್ಟೆ. ಪರದೆ ಖಾಲಿ.

“ಏನೂ ಬರಲಿಲ್ಲಲ್ಲೋ!”

“ಏನೂ ಬರಲಿಲ್ಲ ಅಂದ್ರ ಎಲ್ಲಾ ಪಾಸ್ ಅಪ್ಪಾ!” ಎಂದು ಕೂಗಿಯೇಬಿಟ್ಟೆ.

ಕಾಕಾ ಹಾಳೆಗಳನ್ನು ಸುತ್ತಿ ಬಗಲಿಗೆ ಹಾಕಿಕೊಂಡರು. “ತಮ್ಮಗ ಹೇಳ್ತೇನಿ: ಹಾಳಿ ನೀನ ಇಟ್ಕೋ, ದಡಿ ಬೆಟಗೇರಿ ಮಗ್ಗ ಏರಿದ್ವು ಅಂತ.”

ಬಸ್ಸಿನವರೆಗೆ ಅವರ ಜತೆ ನಾನೇ ಹೋದೆ. ಅಪ್ಪ ಆಗಲೇ ಪರದೆಯ ಮುಂದೆ ಕೂತು, ಮೊದಲು ಯಾವ ದಡಿ ಎಂದು ಆರಿಸುತ್ತಿದ್ದರು.