ಗುಲಾಬಿ ಬಳಿಯದ ಟಿಲ್ಲರು

ಬಣ್ಣದಕ್ಕನ ಕಸುಬು ಗೇಟು, ಗಾಡಿ, ಅಂಗಡಿ ಬೋರ್ಡುಗಳಿಗೆ ಬಣ್ಣ ಬಳಿಯುವುದು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವಳು ಹೆಸರಾದದ್ದು ಚೆಂದದ ಬಣ್ಣಕ್ಕಲ್ಲ, ಕಣ್ಣಿಗೆ ಹೊಡೆಯುವ ಅಸಹ್ಯ ಬಣ್ಣಕ್ಕೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅವಳ ಊರಿನ ಪಂಪುಗಳೆಲ್ಲ ಗುಲಾಬಿ. ಏಣಿಗಳು ಗುಲಾಬಿ. ಔಷಧಿ ಹೊಡೆಯುವ ಕ್ಯಾನು, ತಳ್ಳುಗಾಡಿ, ಗುದ್ದಲಿಯ ಕಾವು, ಮೇವು ಕತ್ತರಿಸುವ ಯಂತ್ರ, ಎಲ್ಲಕ್ಕೂ ಗುಲಾಬಿ. ಅದರ ಮೇಲೆ ಹಸಿರು ಚುಕ್ಕೆ ಬೇರೆ.

ಇದು ಶುರುವಾದದ್ದು ಎರಡು ವರ್ಷದ ಕೆಳಗೆ. ಒಂದೇ ತಿಂಗಳಲ್ಲಿ ಹೊಲಗಳಿಂದ ನಾಲ್ಕು ಪಂಪು, ಇನ್ನೂರು ಮಾರು ಕೇಬಲ್ಲು ಮಾಯವಾದವು. ಊರಿನವರು ಬೀಗ ತಂದರು. ಕಳ್ಳರು ಬೀಗವನ್ನೂ ಸೇರಿಸಿ ಒಯ್ದರು. ನಾಯಿ ಸಾಕಿದರು, ನಾಯಿಗೆ ಬಿಸ್ಕತ್ತು ಹಾಕಿ ಒಯ್ದರು. ಆ ನಾಯಿ ಆಮೇಲೆ ಎರಡು ದಿನ ಬಿಸ್ಕತ್ತಿನವರ ದಾರಿ ಕಾಯುತ್ತ ಕೂತಿತ್ತಂತೆ. ಎಲ್ಲರೂ ತಲೆ ಮೇಲೆ ಕೈ ಹೊತ್ತುಕೊಂಡಿದ್ದಾಗ ಬಣ್ಣದಕ್ಕ ಕತ್ತರಿಯ ಅಂಗಡಿ ಮುಂದೆ ನಿಂತು ಬಾಯಿ ಬಿಟ್ಟಳು. ಕತ್ತರಿ ಎಂದರೆ ಅವಳ ಎದುರುಮನೆಯ ಕ್ಷೌರದಂಗಡಿಯವನು. ಕೈಯಲ್ಲಿನ ಕತ್ತರಿಗಿಂತ ಬಾಯಲ್ಲಿನ ನಾಲಿಗೆ ಜೋರಾಗಿ ಆಡುತ್ತಿದ್ದುದರಿಂದ ಅವನಿಗೆ ಆ ಹೆಸರು.

"ಕಳ್ಳ ಪಂಪನ್ನ ಮನೇಲಿಟ್ಟು ಮುದ್ದು ಮಾಡೋಕೆ ಒಯ್ತಾನೇನ್ರೋ? ಮಾರೋಕೆ ತಾನೇ ಒಯ್ಯೋದು? ಯಾರೂ ಕೊಳ್ಳದ ಹಾಗೆ ಮಾಡಿಬಿಟ್ರೆ ಆಯ್ತಲ್ಲ! ಬೀಗ ಒಡೀಬಹುದು, ಬಣ್ಣ ಒಡೆಯೋಕಾಗುತ್ತಾ?"

ಉಳಿದುಬಳಿದ ಡಬ್ಬಿಗಳನ್ನೆಲ್ಲ ಒಂದಕ್ಕೆ ಸುರಿದು ಅವಳು ಕಲಸಿದ ಆ ಗುಲಾಬಿಯನ್ನು ಏನೆಂದು ಹೇಳಲಿ! ಹೊಟ್ಟೆನೋವಿಗೆ ಕೊಡುವ ಔಷಧಿಯ ಬಣ್ಣ. ಅದನ್ನು ನಟ್ಟು ಬೋಲ್ಟಿನ ಸಂದಿಗೂ ಇಳಿಸಿ ಎರಡು ಕೈ ಬಳಿದರೆ, ಕೆರೆದು ತೆಗೆಯುವವನಿಗೆ ಸಾಕುಸಾಕಾಗಬೇಕು. ಒಂದೊಂದು ಮನೆಗೆ ಚುಕ್ಕೆಗಳ ಸಾಲು ಒಂದೊಂದು ಥರ. ಯಾರದು ಯಾವ ಥರ ಎಂದು ಅವಳ ಶೆಡ್ಡಿನ ಗೋಡೆಯಲ್ಲಿ ಬರೆದಿಟ್ಟಿದ್ದಳು. ಮೊದಮೊದಲು ಜನ ಮೂಗು ಮುರಿದರು. "ನಮ್ಮಪ್ಪ ಕೂರಿಸಿದ ಪಂಪು ಕಣಮ್ಮಾ, ಅದನ್ನ ಮಗುವಿನ ತೊಟ್ಟಿಲು ಮಾಡ್ತೀಯಲ್ಲ" ಎಂದು ಮೀಸೆಯಜ್ಜ ಗೊಣಗಿದ್ದೂ ಉಂಟು. ಅದೇ ವಾರ ಅವನ ಪಂಪು ಕಳವಾಯಿತು. ಬೆಳಗಾಗುವ ಹೊತ್ತಿಗೆ ಕಾಲುವೆಯ ಪಕ್ಕ ಬಿದ್ದಿತ್ತು. ಕತ್ತಲಲ್ಲಿ ಹೊತ್ತವರು ಬೆಳಕಲ್ಲಿ ಅದರ ಬಣ್ಣ ನೋಡಿ ಅಲ್ಲೇ ಎಸೆದು ಹೋಗಿದ್ದರು. ಅವತ್ತಿನಿಂದ ಬಣ್ಣದಕ್ಕನ ಬಾಗಿಲಲ್ಲಿ ಜನ ಸಾಲು ನಿಂತರು. ಹಳೇ ಕಬ್ಬಿಣದ ವ್ಯಾಪಾರಿಗಳೂ ಗುಲಾಬಿ ಕಂಡರೆ ಕೈ ಮುಗಿದು "ಬೇಡಪ್ಪಾ" ಅನ್ನತೊಡಗಿದರು.

ಇಷ್ಟೆಲ್ಲ ಬುದ್ಧಿ ಇದ್ದವಳು ತನ್ನ ಮನೆಯಲ್ಲಿ ಮಾಡಿದ್ದೇನು, ಕೇಳಿ.

ಒಂಬತ್ತು ವರ್ಷ ಬಿಸಿಲಲ್ಲಿ ಗೇಟು ಬಳಿದು ಕೂಡಿಟ್ಟು ಅವಳೊಂದು ಪವರ್ ಟಿಲ್ಲರು ಕೊಂಡಳು. ಹೊಸದು. ಕೆಂಪಗೆ ಹೊಳೆಯುವಂಥದ್ದು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಮನೆಯಲ್ಲಿ ಅವಳು, ಅತ್ತೆ ಇಬ್ಬರೇ. ಮಳೆ ಬಿದ್ದಾಗ ಅಕ್ಕಪಕ್ಕದವರ ಹೊಲ ಉತ್ತುಕೊಟ್ಟರೆ ಏಣಿ ಹತ್ತಿ ಬ್ರಷ್ಷು ಹಿಡಿಯುವ ಕಷ್ಟ ಅರ್ಧ ತಪ್ಪುತ್ತದೆ, ಭುಜದ ನೋವೂ ಕಮ್ಮಿಯಾಗುತ್ತದೆ ಎಂದು ಅವಳ ಆಸೆ. ಬಂದ ದಿನ ಅದನ್ನು ಹಳೇ ಬನಿಯನ್ನಿನಿಂದ ಮೂರು ಸಲ ಒರೆಸಿದಳು.

ಅತ್ತೆಗೆ ಎಪ್ಪತ್ತು ವರ್ಷ. ಮಂಡಿ ನೋವು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ, ಬಾಯಿ ಎಲ್ಲಕ್ಕಿಂತ ಗಟ್ಟಿ. ಗುಲಾಬಿ ಡಬ್ಬಿ ಎತ್ತಿಕೊಂಡು ಬಂದು ನಿಂತೇಬಿಟ್ಟಳು.

"ಯಾವಾಗ ಬಳೀತೀಯೇ?"

"ಇದಕ್ಕೆ ಬೇಡ ಅತ್ತೆ."

"ಊರಿಗೆಲ್ಲ ಬೇಕು, ನಿನಗೆ ಬೇಡ್ವಾ?"

"ನೋಡಿ ಅದರ ಬಣ್ಣಾನ! ಹೇಗೆ ಬಳೀಲಿ ಹೇಳಿ? ಕೈ ಬರುತ್ತಾ? ಶೆಡ್ಡಿದೆ, ಚಿಲಕ ಇದೆ, ನಾನಿದೀನಿ. ನೀವು ಅದನ್ನ ಮುಟ್ಟಿದ್ರೆ ಮಾತ್ರ ನಾನು ಸುಮ್ಮನಿರಲ್ಲ."

"ಓಹೋ, ಮಹಾರಾಣಿ!" ಎಂದು ಅತ್ತೆ ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಹೋದಳು. ಎರಡು ದಿನ ಅತ್ತೆ ಸೊಸೆಗೆ ಮಾತಿಲ್ಲ. ಅದೇನು ಹೊಸದಲ್ಲ ಬಿಡಿ, ಆ ಮನೆಯಲ್ಲಿ ಹದಿನೈದು ವರ್ಷದಿಂದ ಮಾತಿಗಿಂತ ಮುನಿಸೇ ಹೆಚ್ಚು. ಮೂರನೇ ದಿನ ಅತ್ತೆಯ ಬಲಗೈ ಪೂರ್ತಿ ಗುಲಾಬಿಯಾಗಿತ್ತು, ಕೂದಲಿಗೂ ಹತ್ತಿತ್ತು. ಏನು ಮಾಡಿಕೊಂಡಿರಿ ಎಂದರೆ, "ಕೋಳಿಗೂಡಿಗೆ ಬಳಿದೆ, ನಿನಗೇನು?" ಎಂದು ಮುಖ ತಿರುಗಿಸಿದಳು. ಬಣ್ಣದಕ್ಕ ಕೋಳಿಗೂಡು ನೋಡಲಿಕ್ಕೆ ಹೋಗಲಿಲ್ಲ. ಟಿಲ್ಲರು ಒರೆಸುವುದರಲ್ಲೇ ಅವಳಿಗೆ ಹೊತ್ತು ಸಾಲುತ್ತಿರಲಿಲ್ಲ.

ಕಳವಾದದ್ದು ನಡುಮಧ್ಯಾಹ್ನ. ಅವಳು ಪಕ್ಕದ ಊರಿನ ಶಾಲೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದಳು, ಅತ್ತೆ ಊಟ ಮಾಡಿ ಒಳಗೆ ಗೊರಕೆ ಹೊಡೆಯುತ್ತಿದ್ದಳು. ಸಂಜೆ ಬಂದು ನೋಡಿದರೆ ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು, ಒಳಗೆ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ. ಅವಳು ಕೂಗಿದ ಕೂಗಿಗೆ ಮೊದಲು ಓಡಿ ಬಂದವನು ಕತ್ತರಿ.

"ಯಾಕಕ್ಕಾ? ಟಿಲ್ಲರು ಸರ್ವೀಸಿಗೆ ಹೋಗಿದೆಯಲ್ಲ?"

"ಯಾವ ಸರ್ವೀಸೋ?"

"ನೀಲಿ ಅಂಗಿ ಹಾಕ್ಕೊಂಡು ಇಬ್ಬರು ವ್ಯಾನು ತಂದಿದ್ರು. ಮೊದಲನೇ ಸರ್ವೀಸು ಫ್ರೀ ಅಂದ್ರು..." ಹೇಳುತ್ತ ಹೇಳುತ್ತ ಕತ್ತರಿಯ ಮುಖ ಇಳಿದುಹೋಯಿತು. "ಹತ್ತಿಸೋಕೆ ಕಷ್ಟಪಡ್ತಿದ್ರು. ನಾನೇ... ನಾನೇ ಹಿಂದಿನಿಂದ ತಳ್ಳಿದೆ ಅಕ್ಕಾ."

"ತಳ್ಳಿದೆಯಾ!"

"ಕುಡಿಯೋಕೆ ನೀರೂ ಕೊಟ್ಟೆ." ಅವನು ಅಲ್ಲೇ ಕುಸಿದು ಕೂತ. "ಗುಲಾಬಿ ಇದ್ದಿದ್ರೆ ನಮ್ಮೂರಿನ ಸಾಮಾನು ಅಂತ ನಾಲ್ಕು ಮಾತು ಕೇಳ್ತಿದ್ದೆ. ಕೆಂಪಗೆ ಹೊಸದಾಗಿತ್ತಲ್ಲ, ಶೋರೂಮಿನವರೇ ಇರಬೇಕು ಅಂದ್ಕೊಂಡೆ."

ಬಣ್ಣದಕ್ಕ ಅವನ ತೋಳು ಹಿಡಿದು ಮೇಲೆಬ್ಬಿಸಿದಳು. ತಪ್ಪು ಅವನದಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಊರಿಗೆಲ್ಲ ಬುದ್ಧಿ ಹೇಳಿ, ಕೆಂಪು ಬಣ್ಣಕ್ಕೆ ಮರುಳಾಗಿ ಕೂತವಳು ತಾನೇ.

ಠಾಣೆಗೆ ದೂರು ಕೊಟ್ಟು ಬಂದದ್ದಾಯಿತು. ಆಮೇಲಿನ ಮೂರು ದಿನ ಬಣ್ಣದಕ್ಕ ಬ್ರಷ್ಷು ಮುಟ್ಟಲಿಲ್ಲ. ಆಗಷ್ಟೇ ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ಉತ್ತುಕೊಡುತ್ತೇನೆ ಎಂದು ಹನ್ನೊಂದು ಮನೆಯವರಿಗೆ ಮಾತು ಕೊಟ್ಟಿದ್ದಳು. ಅವರು ಬಂದು ಪಾಪ ಏನೂ ಕೇಳದೆ ನಿಂತು ಹೋಗುತ್ತಿದ್ದರು, ಅದೇ ಅವಳಿಗೆ ಹೆಚ್ಚು ಸಂಕಟ. ಒಂಬತ್ತು ವರ್ಷ ಏಣಿಯ ಮೇಲೆ ಕಳೆದದ್ದು ನೀರಲ್ಲಿ ಹೋಮವಾಯಿತಲ್ಲ ಎಂದು ಅತ್ತಳು. ಅತ್ತೆ ಮಾತ್ರ "ನಾನು ಆವತ್ತೇ ಹೇಳಿರಲಿಲ್ವಾ?" ಎನ್ನಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡವಳ ಹಾಗೆ ಗಂಜಿ ಮಾಡಿ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಏನೋ ಹೇಳಲು ಬಾಗಿಲವರೆಗೆ ಬಂದು ಹಿಂದೆ ಸರಿದದ್ದೂ ಉಂಟು.

ನಾಲ್ಕನೇ ದಿನ ಬೆಳಿಗ್ಗೆ ಕತ್ತರಿ ಓಡಿ ಬಂದ. ಕೈಯಲ್ಲಿ ಇನ್ನೂ ಸೋಪಿನ ನೊರೆ.

"ಅಕ್ಕಾ, ಏಳಿ! ಗಿರಾಕಿ ಹೇಳಿದ, ಸಂತೆಯೂರಿನ ಹಳೇ ಯಂತ್ರದ ಅಂಗಡೀಲಿ ಹೊಚ್ಚಹೊಸ ಕೆಂಪು ಟಿಲ್ಲರು ನಿಂತಿದೆಯಂತೆ!"

"ಆ ಗಿರಾಕಿ ಎಲ್ಲಿ?"

"ಅರ್ಧ ಗಡ್ಡದಲ್ಲಿ ಕೂತಿದಾನೆ. ಕೂತಿರ್ಲಿ ಬಿಡಿ, ಎಲ್ಲಿಗೆ ಹೋಗ್ತಾನೆ!"

ಹಾಲಿನ ವ್ಯಾನಿನವನು ಕರೆದುಕೊಂಡು ಹೋಗಲು ಒಪ್ಪಿದ. ಬಣ್ಣದಕ್ಕ, ಕತ್ತರಿ ಹತ್ತಿದರು. ಅತ್ತೆಯೂ ಬಂದು ವ್ಯಾನಿನ ಬಾಗಿಲು ಹಿಡಿದಳು.

"ನೀವೆಲ್ಲಿಗೆ ಅತ್ತೆ ಈ ಮಂಡಿ ಇಟ್ಕೊಂಡು?"

"ನಾನೂ ಬರ್ತೀನಿ. ನಾನಿಲ್ದೆ ಅದು ನಿನಗೆ ಸಿಗಲ್ಲ" ಎಂದು ಹೇಳಿ, ಯಾರ ಮಾತಿಗೂ ಕಾಯದೆ, ಹಾಲಿನ ಕ್ಯಾನುಗಳ ನಡುವೆ ತೂರಿ ಕೂತೇಬಿಟ್ಟಳು. ದಾರಿಯಲ್ಲಿ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ಲನನ್ನೂ ಹತ್ತಿಸಿಕೊಂಡರು. ಪಾಪ, ಅವನಿಗೆ ನೆಗಡಿಯಾಗಿತ್ತು. ಹಳ್ಳ ಬಂದಾಗೊಮ್ಮೆ ವ್ಯಾನು ಕುಲುಕುತ್ತಿತ್ತು, ಕುಲುಕಿದಾಗೊಮ್ಮೆ ಅವನು ಸೀನುತ್ತಿದ್ದ.

ಅಂಗಡಿಯ ಅಂಗಳದಲ್ಲಿ ಟಿಲ್ಲರು ನಿಂತಿತ್ತು. ಕಂಡಕೂಡಲೇ ಬಣ್ಣದಕ್ಕನಿಗೆ ಅದು ತನ್ನದೇ ಎನಿಸಿತು. ಓಡಿ ಹೋಗಿ ಹ್ಯಾಂಡಲ್ಲು ಹಿಡಿದಳು. ಆದರೆ ಎಂಜಿನ್ನಿನ ನಂಬರು ಇರಬೇಕಾದ ಕಡೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದರು. ಅವಳ ಕೈಯಲ್ಲಿದ್ದ ಖರೀದಿಯ ಕಾಗದಕ್ಕೆ ಹೊಂದಿಸಿ ನೋಡಲು ಯಂತ್ರದ ಮೇಲೆ ಒಂದು ಅಂಕಿಯೂ ಉಳಿದಿರಲಿಲ್ಲ.

"ನಾನು ದುಡ್ಡು ಕೊಟ್ಟು ತಗೊಂಡಿದೀನಿ ಸ್ವಾಮಿ" ಎಂದ ಅಂಗಡಿಯವನು. "ಇಂಥ ಕೆಂಪು ಟಿಲ್ಲರು ಊರಿಗೆ ಹತ್ತು ಇವೆ. ನಿಮ್ಮದೇ ಅನ್ನೋಕೆ ಏನಮ್ಮಾ ಗುರುತು?"

ಹೆಡ್ ಕಾನ್‌ಸ್ಟೇಬಲ್ ಮೂಗೊರೆಸಿಕೊಂಡು, "ಅವನು ಕೇಳೋದೂ ಸರಿ ಕಣಮ್ಮಾ. ಗೀರು, ಬೆಸುಗೆ, ಏನಾದ್ರೂ ಇದೆಯಾ?" ಎಂದ.

ಏನಿದೆ? ಒಂದು ಗೀರೂ ಬೀಳದ ಹಾಗೆ ಮೂರು ಹೊತ್ತು ಒರೆಸಿದವಳು ಅವಳು. ಊರಿನ ಗುದ್ದಲಿಗೂ ಗುರುತು ಹಾಕಿಕೊಟ್ಟವಳಿಗೆ ತನ್ನ ಟಿಲ್ಲರಿನ ಮೇಲೆ ತೋರಿಸಲು ಒಂದು ಚುಕ್ಕೆ ಇರಲಿಲ್ಲ. ಕಣ್ಣು ತುಂಬಿ ಬಂತು.

ಆಗ ಹಿಂದಿನಿಂದ ಅತ್ತೆ ಅವಳ ತೋಳು ಜಗ್ಗಿದಳು. "ಬೈಯಲ್ಲ ಅಂತ ಮಾತು ಕೊಡು."

"ಈಗೇನತ್ತೆ..."

"ಕೊಡೇ ಮೊದಲು!"

"ಆಯ್ತು, ಬೈಯಲ್ಲ."

"ಎಂಜಿನ್ನಿನ ಅಡಿ ನೋಡಿ ಸಾರ್" ಎಂದಳು ಅತ್ತೆ ಪೊಲೀಸಿನವನಿಗೆ. "ಕೆಳಗಡೆ, ಹೊಟ್ಟೇಲಿ."

ಹೆಡ್ ಕಾನ್‌ಸ್ಟೇಬಲ್ ಬಗ್ಗಿದ, ಅವನ ಹೊಟ್ಟೆ ಅಡ್ಡ ಬಂತು. ಅಂಗಡಿಯವನು ಬಗ್ಗಲೇ ಇಲ್ಲ. ಆಗ ಕತ್ತರಿ ಜೇಬಿಗೆ ಕೈ ಹಾಕಿದ. ಗಿರಾಕಿಗೆ ಕತ್ತಿನ ಹಿಂದಿನ ಕೂದಲು ತೋರಿಸುವ ಕೈಗನ್ನಡಿ ಇತ್ತಲ್ಲ, ಅವಸರದಲ್ಲಿ ಅದನ್ನೂ ತಂದಿದ್ದ. ನೆಲಕ್ಕೆ ಮಂಡಿಯೂರಿ ಕನ್ನಡಿಯನ್ನು ಟಿಲ್ಲರಿನ ಅಡಿಗೆ ಹಿಡಿದ. ವ್ಯಾನಿನವನು ಟಾರ್ಚು ಬಿಟ್ಟ.

ಕನ್ನಡಿಯಲ್ಲಿ ಗುಲಾಬಿ ಬಣ್ಣದ ಒಂದು ಅಂಗೈ ಕಂಡಿತು. ಐದು ಬೆರಳು ಅಗಲಿಸಿ ಒತ್ತಿದ ಅಂಗೈ. ಅದರಲ್ಲಿ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

ಅತ್ತೆ ತನ್ನ ಬಲಗೈಯನ್ನು ಪೊಲೀಸಿನವನ ಮುಖದೆದುರು ಹಿಡಿದಳು. ಹಿಂದೊಮ್ಮೆ ಮೇವು ಕತ್ತರಿಸುವಾಗ ಯಂತ್ರಕ್ಕೆ ಸಿಕ್ಕಿ ಉಂಗುರದ ಬೆರಳು ಅರ್ಧ ಹೋಗಿತ್ತು. ಅವನು ಕೈ ನೋಡಿದ, ಕನ್ನಡಿ ನೋಡಿದ, ಮತ್ತೆ ಕೈ ನೋಡಿದ. ಆಮೇಲೆ ಒಂದು ಭರ್ಜರಿ ಸೀನು ಸೀನಿ, ಅಂಗಡಿಯವನ ಕಡೆ ತಿರುಗಿ, "ಇನ್ನೂ ಗುರುತು ಬೇಕೇನಯ್ಯಾ ನಿನಗೆ? ಯಾರ ಹತ್ರ ತಗೊಂಡೆ, ಅದನ್ನ ಹೇಳು ಈಗ" ಎಂದ. ಅಂಗಡಿಯವನ ಮುಖ ಸಪ್ಪಗಾಯಿತು.

"ಯಾವಾಗ ಮಾಡಿದ್ರಿ ಅತ್ತೆ ಇದನ್ನ?"

"ನೀನು ಬಳಿಯಲ್ಲ ಅಂದೆ. ನಿನ್ನ ಕಣ್ಣಿಗೆ ಬೀಳೋ ಕಡೆ ಬಳಿದ್ರೆ ನೀನು ಉಳಿಸ್ತೀಯಾ? ಮಲಗಿಕೊಂಡು ಅಡಿಗೆ ತೂರಿದೆ. ಬ್ರಷ್ಷು ಹೋಗಲಿಲ್ಲ, ಕೈ ಅದ್ದಿ ಒತ್ತಿದೆ. ವಾಪಸ್ಸು ಬರೋಕೆ ಅರ್ಧ ಗಂಟೆ ಹಿಡೀತು ಕಣೇ, ಸೊಂಟ ಹಿಡ್ಕೊಂಡುಬಿಟ್ಟಿತ್ತು."

"ಮೂರು ದಿನ ಯಾಕೆ ಹೇಳಲಿಲ್ಲ?"

"ಸಿಗದೆ ಹೋದ ಸಾಮಾನಿಗೆ ಗುರುತು ಇದೆ ಅಂತ ಹೇಳಿ, ನಿನ್ನ ಹೊಟ್ಟೆ ಇನ್ನಷ್ಟು ಉರಿಸ್ಲಾ?"

ಬೈಯುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ, ಬಣ್ಣದಕ್ಕ ಬೈಯಲಿಲ್ಲ. ಅಂಗಳದ ನಡುವೆ, ಎಲ್ಲರೆದುರು, ಅತ್ತೆಯ ಕುತ್ತಿಗೆ ತಬ್ಬಿಕೊಂಡು ಗಳಗಳ ಅತ್ತುಬಿಟ್ಟಳು. "ಸಾಕು ಬಿಡೇ, ಜನ ನೋಡ್ತಾರೆ" ಎಂದು ಅತ್ತೆ ಬೈದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಕಾಗದಪತ್ರದ ಕೆಲಸ ಮುಗಿದು ಟಿಲ್ಲರು ಮನೆಗೆ ಬಂದದ್ದು ಮಾರನೆಯ ದಿನ. ಬಂದವಳೇ ಬಣ್ಣದಕ್ಕ ಗುಲಾಬಿ ಡಬ್ಬಿಯ ಮುಚ್ಚಳ ಕಿತ್ತಳು. ಹ್ಯಾಂಡಲ್ಲಿನಿಂದ ಚಕ್ರದವರೆಗೆ ಒಂದಿಷ್ಟೂ ಕೆಂಪು ಕಾಣದ ಹಾಗೆ ಬಳಿದಳು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಇಲ್ಲಿ ಬಿಟ್ಟೆ, ಅಲ್ಲಿ ಬಿಟ್ಟೆ ಎಂದು ಬೆರಳು ತೋರಿಸುತ್ತಿದ್ದವಳು, ಕೊನೆಗೆ "ಚೆನ್ನಾಗಿತ್ತು ಕಣೇ ಆ ಕೆಂಪು" ಎಂದು ನಿಟ್ಟುಸಿರು ಬಿಟ್ಟಳು. ಮರುದಿನ ಆ ಹೊಟ್ಟೆನೋವಿನ ಬಣ್ಣದ ಟಿಲ್ಲರು ಗಡಗಡ ಸದ್ದು ಮಾಡುತ್ತ ಮೊದಲ ಹೊಲಕ್ಕೆ ಇಳಿಯಿತು. ಜನ ನಕ್ಕರು, ಅವಳೂ ನಕ್ಕಳು. ಹನ್ನೊಂದು ಮನೆಯ ಹೊಲವೂ ಆ ವಾರದಲ್ಲೇ ಮುಗಿಯಿತು.

ಕತ್ತರಿಯ ನಾಲಿಗೆ ಸುಮ್ಮನಿರುತ್ತದೆಯೇ? ಕನ್ನಡಿಯಲ್ಲಿ ಕಂಡ ಅಂಗೈಯ ಕತೆ, ಅರ್ಧ ಗಡ್ಡದ ಗಿರಾಕಿಯಿಂದ ಶುರುವಾಗಿ, ಹತ್ತು ಹಳ್ಳಿ ಸುತ್ತಿತು. ಈಗ ಯಾರಿಗೂ ಹಸಿರು ಚುಕ್ಕೆ ಬೇಡ. "ಅಜ್ಜಿಯ ಕೈ ಒತ್ತಿಸಿ" ಅನ್ನುತ್ತಾರೆ. ಎಲ್ಲ ಕಡೆ ಒಂದೇ ಕೈ ಒತ್ತಿದರೆ ಯಾರದು ಯಾವುದು ಅಂತ ಗೊತ್ತಾಗೋದು ಹೇಗೆ ಎಂದು ಬಣ್ಣದಕ್ಕ ತಲೆ ಚಚ್ಚಿಕೊಂಡು, ಚುಕ್ಕೆಯನ್ನೂ ಬಿಡದೆ ಪಕ್ಕದಲ್ಲಿ ಇಡುತ್ತಾಳೆ. ಅತ್ತೆ ಮಾತ್ರ ಟಿಲ್ಲರಿನ ಸೀಟಿನ ಹಿಂದೆ ಕೂತು ಮನೆಮನೆಗೆ ಹೋಗಿ, ಕಾಫಿ ಕುಡಿದು, ಕೈ ಅದ್ದಿ, ಪಂಪಿಗೊಂದು ಏಣಿಗೊಂದು ಒತ್ತಿ ಬರುತ್ತಾಳೆ. ಮಂಡಿ ನೋವಿನ ಸುದ್ದಿಯೇ ಇಲ್ಲ.

ಸಂಜೆ ಮನೆಗೆ ಬಂದ ಮೇಲೆ ಬಣ್ಣದಕ್ಕ ಮೆಟ್ಟಿಲ ಮೇಲೆ ಕೂತು, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಅತ್ತೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ಒರೆಸುತ್ತಾಳೆ. ಅರ್ಧ ಬೆರಳಿನ ಸರದಿ ಬಂದಾಗ ಅವಳ ಕೈ ತಾನಾಗಿ ನಿಧಾನವಾಗುತ್ತದೆ.

"ಎಷ್ಟು ಹೊತ್ತೇ ಒರೆಸ್ತೀಯಾ? ಹೋಯ್ತು ಬಣ್ಣ" ಅನ್ನುತ್ತಾಳೆ ಅತ್ತೆ.

"ಇನ್ನೂ ಹೋಗಿಲ್ಲ, ಸುಮ್ಮನೆ ಕೂತ್ಕೊಳ್ಳಿ" ಅನ್ನುತ್ತಾಳೆ ಸೊಸೆ.