ಮೊಣಕೈಗೇರಿದ ಬಳೆಗಳು

ರೊಟ್ಟಿ ಬಡಿಯಲು ಕೂರುವ ಮೊದಲು ಆಕೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಅವು ಒತ್ತಿದ ಜಾಗದಲ್ಲಿ ಕಪ್ಪು ಗುರುತು ನಿಂತುಬಿಟ್ಟಿತ್ತು. ಆಮೇಲೆ ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು. ಶಾಲೆಯಿಂದ ನಿವೃತ್ತಳಾದ ಮೇಲೂ ಓಣಿಗೆಲ್ಲ ನಾನು ಬಾಯಾರು, ಟೀಚರಮ್ಮನೇ; ಐದಕ್ಕೆ ಏಳುವುದನ್ನೂ ಬಿಟ್ಟಿಲ್ಲ. ಶಹಾಬಾದಿನ ನಮ್ಮ ಓಣಿಯಲ್ಲಿ ಆ ಸದ್ದೇ ನನಗೆ ಗಡಿಯಾರ.

ಆಕೆ ನಮ್ಮ ಎದುರುಮನೆಯವಳು. ರೊಟ್ಟಿ ಮಾಡಿ ಮಾರುತ್ತಿದ್ದಳು. ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಯಂತ್ರದ ಮೇಲೆ ಕೆಲಸಕ್ಕಿದ್ದ. ಅತ್ತೆ ದಿನವಿಡೀ ಕಟ್ಟೆಯ ಮೇಲೆ. ಕಲ್ಲಿನ ಗಣಿಯಲ್ಲಿ ಸಿನಿಮಾ ತೆಗೆಯಲು ಬಂದವರು ಅವಳ ಮನೆಯ ರೊಟ್ಟಿ ತರಿಸುತ್ತಿದ್ದರು. ಒಂದು ದಿನ ನಿರ್ದೇಶಕ ತಾನೇ ಬಂದು ನಿಂತಿದ್ದಾಗ, ಯಾರೋ ಗಿರಾಕಿ ರೊಟ್ಟಿ ತೆಳ್ಳಗಾಯಿತೆಂದು ತಕರಾರು ತೆಗೆದ.

"ದಪ್ಪ ಬೇಕಾದ್ರ ಫರಸಿ ಒಯ್ಯೋ ಯಪ್ಪಾ, ನಮ್ಮನಿಯಾಂವ ಕೊಯ್ದು ಕೊಡ್ತಾನ" ಎಂದಳು.

ನಿರ್ದೇಶಕ ನಕ್ಕ. ಮರುದಿನ ಬಂದು, ನಾಯಕಿಯ ಪಾತ್ರ ನೀವೇ ಮಾಡಬೇಕು ಎಂದ. ಗಂಡನಿಗೆ ಖುಷಿಯೋ ಖುಷಿ. "ಹೋಗು. ದಿನಾ ನನ್ನ ಮುಂದ ಪುಕಟ್ ನಾಟಕ ಮಾಡ್ತಿ, ಅಲ್ಲಿ ನಾಕು ಮಂದಿ ನೋಡ್ಲಿ" ಎಂದು ಕಾಡಿಸಿದ. ಅತ್ತೆಗೆ ಮಾತ್ರ ಸೇರಲಿಲ್ಲ. ಅತ್ತೆಯ ಸಮಾಧಾನಕ್ಕೆಂದು ಸೊಸೆ ಜೊತೆಗೆ ನನ್ನನ್ನು ಕರೆದೊಯ್ಯುತ್ತಿದ್ದಳು.

ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಕತೆ ಅದು. ಶವದ ಪಕ್ಕದಲ್ಲಿ ಅವಳ ಬಳೆ ಒಡೆಯುವ ದೃಶ್ಯ ಬಂತು. ಆಕೆ ಆಗುವುದಿಲ್ಲ ಎಂದು ಎದ್ದು ನಿಂತಳು.

"ನಮ್ಮನಿಯಾಂವ ಅಲ್ಲಿ ಊಟಕ್ಕ ಕುಂತಾನ. ನಾ ಇಲ್ಲಿ ಹ್ಯಾಂಗ ಬಳಿ ಒಡಿಸ್ಕೊಳ್ಳಲಿ?"

"ಅವು ನಿಮ್ಮ ಬಳೆ ಅಲ್ಲಮ್ಮ, ನಾವು ತಂದದ್ದು" ಎಂದ ನಿರ್ದೇಶಕ.

"ಬಳಿ ನಿಮ್ದು. ಕೈ ನಂದು."

ಅರ್ಧ ದಿನ ಕೆಲಸ ನಿಂತಿತು. ಕೊನೆಗೆ, ಒಡೆಯುವುದು ಬೇಡ, ಸುಮ್ಮನೆ ಕುಳಿತರೆ ಸಾಕು ಎಂದು ಒಪ್ಪಿಸಿದರು. ಕ್ಯಾಮೆರಾ ನಡೆದಿತ್ತು. ಮುದುಕಿಯರ ಪಾತ್ರದವರು ಕಲ್ಲು ಹಿಡಿದು ಹತ್ತಿರ ಬಂದರು. ಎಲ್ಲಿ ಒಡೆದೇಬಿಡುತ್ತಾರೋ ಎಂದು ಆಕೆಗೆ ನಿಜವಾಗಿ ಹೆದರಿಕೆಯಾಯಿತು. ರೊಟ್ಟಿಗೆ ಕೂರುವಾಗಿನಂತೆ ಬಳೆಗಳನ್ನು ಸರಕ್ಕನೆ ಮೊಣಕೈಗೆ ಏರಿಸಿ, ಮೇಲೆ ಸೆರಗು ಮುಚ್ಚಿ, ಅವರನ್ನೇ ದಿಟ್ಟಿಸಿದಳು. ಯಾರೂ ಹೇಳಿಕೊಟ್ಟದ್ದಲ್ಲ. ನಿರ್ದೇಶಕ ಅದನ್ನೇ ಉಳಿಸಿಕೊಂಡ.

ಸಿನಿಮಾವನ್ನು ಕಲಬುರಗಿಗೆ ಹೋಗಿ ನೋಡಿದೆವು. ಅರ್ಧ ಸೊಗಸು, ಅರ್ಧ ಗೋಳು. ದುಃಖದ ನಡುವೆ ಹಾಡು. ಕಡೆಯಲ್ಲಿ ಗುತ್ತಿಗೆದಾರನ ಕಡೆಯವರು ಗಾಳಿಯಲ್ಲಿ ಹಾರುವ ಹೊಡೆದಾಟ. ಉತ್ತರಪತ್ರಿಕೆಯಾಗಿದ್ದರೆ ನಾನು ಪಾಸು ಮಾತ್ರ ಮಾಡುತ್ತಿದ್ದೆ. ಆದರೆ ಆಕೆ ಬಳೆ ಏರಿಸಿದ ಗಳಿಗೆ ಇಡೀ ಟಾಕೀಸು ಉಸಿರು ಹಿಡಿದಿತ್ತು. ಪಕ್ಕದಲ್ಲಿ ಗಂಡ ಕಣ್ಣೊರೆಸಿಕೊಳ್ಳುತ್ತಿದ್ದ. "ನೋಡ್ರಿ ಬಾಯಾರೆ, ನಾ ಸತ್ರ ಇಕಿ ಇಷ್ಟು ಅಳ್ತಾಳೇನ್ರಿ?" ಎಂದು ನನ್ನನ್ನೇ ಕೇಳಿದ.

"ಬಾಯಿಗೆ ಒಳ್ಳೇದು ಬರಂಗಿಲ್ಲೇನು?" ಎಂದು ಆಕೆ ತಿವಿದಳು.

ಮಳೆಗಾಲ ಮುಗಿಯುವ ಮೊದಲೇ ಅವನು ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಬಿದ್ದ. ಮತ್ತೆ ಏಳಲಿಲ್ಲ.

ಓಣಿಯ ಬಾಯಿಗೆ ಬೀಗವಿಲ್ಲ. ಮುತ್ತೈದೆ ರಂಡೆಯ ವೇಷ ಹಾಕಿದಳು, ಅದಕ್ಕೇ ಹೀಗಾಯಿತು ಎಂದರು. ಅತ್ತೆ ಮಗನ ತಲೆಯ ಬಳಿ ಕುಳಿತು ಅದನ್ನೇ ಹಾಡಿ ಅತ್ತಳು. ಆಕೆ ಮಾತ್ರ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳನ್ನು ಮಣೆಯ ಮೇಲೆ ಕೂರಿಸಿದರು. ಬಳೆ ಒಡೆಯುವುದು ನಮ್ಮಲ್ಲಿ ವಿಧವೆಯರ ಕೆಲಸ. ಓಣಿಯ ವಿಧವೆಯರಲ್ಲಿ ಹಿರಿಯಳೆಂದು ಕಲ್ಲನ್ನು ನನ್ನ ಕೈಗೆ ಕೊಟ್ಟರು.

ಆಕೆ ನನ್ನ ಮುಖ ನೋಡಿದಳು. ಬಳೆಗಳನ್ನು ನಿಧಾನವಾಗಿ ಮೊಣಕೈಗೆ ಏರಿಸಿಕೊಂಡಳು. ಈ ಸಲ ಸೆರಗು ಮುಚ್ಚಲಿಲ್ಲ.

"ನೋಡ್ರವ್ವಾ, ಇಲ್ಲೂ ಸಿನಿಮಾ ಚಾಲೂ ಮಾಡಿದ್ಲು!" ಎಂದಳು ಹಿಂದಿನಿಂದ ಒಬ್ಬಳು.

ಆಕೆ ಅತ್ತ ತಿರುಗಲಿಲ್ಲ. "ಬಾಯಾರೆ, ಅವತ್ತ ಅಂವಗ ಏನರೆ ಆಗ್ತದಂತ ಅಂಜಿ ಏರಿಸಿದ್ದೆ. ಇವತ್ತ ಅಂಜಲಿಕ್ಕ ಏನ್ ಉಳದದ ಹೇಳ್ರಿ?"

ಕಲ್ಲನ್ನು ಹೊಸ್ತಿಲಾಚೆ ಇಟ್ಟು ಬಂದೆ. ಬೇರೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಅತ್ತೆ ಅಂದಿನಿಂದ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ. ಮಗಳ ಮನೆಗೆಂದು ಸುಲೇಪೇಟಕ್ಕೆ ಹೋದಳು. ಗಿರಾಕಿಗಳೂ ಒಬ್ಬೊಬ್ಬರಾಗಿ ಬಿಟ್ಟರು. ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿ ಹೊಗಳುತ್ತಿದ್ದವರೇ ಅವಳ ಬಾಗಿಲು ದಾಟಿ ಬೇರೆ ಕಡೆ ರೊಟ್ಟಿ ಕೊಂಡರು. ಕೊನೆಗೆ ಆಕೆ ರೊಟ್ಟಿ ಮಾರಲು ರೈಲು ಜಂಕ್ಷನ್ ಇರುವ ವಾಡಿಗೆ ಹೊರಟಳು. "ರೈಲ್ವೆ ಮಂದಿ ಹಸಿವಿ ನೋಡ್ತಾರ್ರಿ, ಕೈ ನೋಡಂಗಿಲ್ಲ" ಎಂದಳು. ಹೊರಡುವ ದಿನ ನಮ್ಮ ಮನೆಗೆ ಬಂದು, ಕೇಳದೆಯೇ ನನ್ನ ಬೋಳು ಕೈಗೆ ಎರಡೆರಡು ಹಸಿರು ಬಳೆ ತೊಡಿಸಿದಳು. ಬೆರಳ ಗಂಟುಗಳನ್ನು ದಾಟಿಸುವಾಗ ನೋವಾಯಿತು. ನಾನು ಬೇಡ ಎನ್ನಲಿಲ್ಲ.

ಈಗ ಎದುರುಮನೆಯಿಂದ ಸದ್ದಿಲ್ಲ. ಆದರೂ ಐದಕ್ಕೆ ಏಳುತ್ತೇನೆ. ಕಸ ಗುಡಿಸುವ ಮೊದಲು ಬಳೆಗಳನ್ನು ಮೊಣಕೈಗೆ ಏರಿಸಿಕೊಳ್ಳುತ್ತೇನೆ. ಓಣಿಗೆ ಕಾಲಿಡುವಾಗ ಮಾತ್ರ ಇನ್ನೂ ಅವುಗಳ ಮೇಲೆ ಸೆರಗು ಎಳೆದುಕೊಳ್ಳುತ್ತೇನೆ.